ಯಾರಿಗೂ ಬೇಡವಾದ ಕಲ್ಲಿನ ತೂಕ

ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವೆ ಬಾಳಿದ ಜನರಿಗೆ ಹೊಲ ಅಳೆಯಬೇಕಿತ್ತು, ಕಾಲುವೆ ತೋಡಬೇಕಿತ್ತು, ಆಳುಗಳಿಗೆ ಜವೆಗೋಧಿಯ ಪಡಿ ಹಂಚಬೇಕಿತ್ತು, ಸಾಲ ಕೊಟ್ಟ ಬೆಳ್ಳಿಗೆ ಬಡ್ಡಿ ಹಾಕಬೇಕಿತ್ತು. ಆದ್ದರಿಂದ ಅವರು ಲೆಕ್ಕ ಕಲಿತರು. ಮುಂದೆ ಗ್ರೀಕರು ಬಂದು ಆ ಲೆಕ್ಕದ ಮೈಗಂಟಿದ್ದ ಮಣ್ಣು ತೊಳೆದು ಅದನ್ನು ಶುದ್ಧ ವಿಚಾರವನ್ನಾಗಿ ಮಾಡಿದರು. ಗಣಿತದ ಚರಿತ್ರೆ ಎಂದರೆ ನಮ್ಮಲ್ಲಿ ಬಹುಪಾಲು ಜನ ಕೇಳಿಸಿಕೊಂಡಿರುವುದು ಈ ಕಥೆಯನ್ನೇ. ಅಮೆರಿಕದ ಗಣಿತಜ್ಞ ಮಾರಿಸ್ ಕ್ಲೈನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ರೀಕರ ಸಾಧನೆ ಮಹಾಸಾಹಿತ್ಯವಾದರೆ ಈಜಿಪ್ಟ್ ಮತ್ತು ಬ್ಯಾಬಿಲೋನಿಯದವರದ್ದು ಆಗತಾನೇ ಅಕ್ಷರ ತಿದ್ದುತ್ತಿರುವ ಮಕ್ಕಳ ಗೀಚಾಟ ಎಂಬರ್ಥದಲ್ಲಿ ಬರೆದ. ಈ ಕಥೆಯಲ್ಲಿ ಅರ್ಧ ನಿಜವಿದೆ, ಇಷ್ಟು ಕಾಲ ಅದು ಬಾಳಿಬಂದಿರುವುದೂ ಅದರಿಂದಲೇ. ಉಳಿದರ್ಧ ಹುಟ್ಟಿದ್ದು ಜೇಡಿಮಣ್ಣಿನ ಫಲಕಗಳ ಮೇಲಿನ ಮಾತನ್ನು ಅದರ ಮುಖ ನೋಡಿ ನಂಬಿದ್ದರಿಂದ. ಹೊಲ, ಕಣಜ, ಇಟ್ಟಿಗೆ ಎಂಬ ಪದಗಳು ಕಂಡ ಮಾತ್ರಕ್ಕೆ ಇದು ಹೊಲಕ್ಕೂ ಕಣಜಕ್ಕೂ ಬೇಕಾಗಿದ್ದ ಲೆಕ್ಕ ಎಂದು ತೀರ್ಮಾನಿಸಲಾಯಿತು. ಆ ಲೆಕ್ಕಗಳನ್ನೇ ಒಂದೊಂದಾಗಿ ಬಿಡಿಸುತ್ತ ಹೋದರೆ ಈ ತೀರ್ಮಾನ ನಿಲ್ಲುವುದಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿರುವ ಒಂದು ಫಲಕವನ್ನು ನೋಡಿ. ಕಾಲ ಇಂದಿಗೆ ಸುಮಾರು ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನದು, ಹಮ್ಮುರಾಬಿ ಮತ್ತು ಅವನ ಹಿಂದುಮುಂದಿನವರ ಯುಗ. ಅದರ ತುಂಬ ಒಂದೇ ಬಗೆಯ ಪ್ರಶ್ನೆಗಳಿವೆ. ಯಾರಿಗೋ ಒಂದು ಕಲ್ಲು ಸಿಕ್ಕಿತು, ಅವನು ಅದನ್ನು ತೂಗಲಿಲ್ಲ. ಅದರ ಏಳನೇ ಒಂದು ಪಾಲನ್ನು ಅದಕ್ಕೆ ಸೇರಿಸಿದ, ಬಂದ ಮೊತ್ತದ ಹನ್ನೊಂದನೇ ಒಂದು ಪಾಲನ್ನು ಮತ್ತೆ ಸೇರಿಸಿದ, ಆಮೇಲೆ ತೂಗಿದರೆ ಒಂದು ಮೀನಾ ಬಂತು. ಹಾಗಾದರೆ ಮೂಲ ಕಲ್ಲಿನ ತೂಕವೆಷ್ಟು? ಉತ್ತರ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚು: ಮೂರನೇ ಎರಡು ಮೀನಾ, ಅದರ ಮೇಲೆ 8 ಶೆಕೆಲ್, ಅದರ ಮೇಲೆ ಇಪ್ಪತ್ತೆರಡೂವರೆ ಜವೆಕಾಳಿನ ತೂಕ. 60 ಶೆಕೆಲ್‌ಗೆ ಒಂದು ಮೀನಾ, 180 ಜವೆಕಾಳಿಗೆ ಒಂದು ಶೆಕೆಲ್ ಎಂದು ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು, ಲೆಕ್ಕ ಕೂದಲೆಳೆಯಷ್ಟೂ ತಪ್ಪಿಲ್ಲ. ತಕ್ಕಡಿ ಕೈಯಲ್ಲಿದ್ದವನು ಮೊದಲೇ ಏಕೆ ತೂಗಲಿಲ್ಲ? ತೂಕವೇ ಗೊತ್ತಿಲ್ಲದ ಕಲ್ಲಿನ ಸರಿಯಾದ ಏಳನೇ ಒಂದು ಪಾಲನ್ನು ಎಲ್ಲಿಂದ ತಂದ? ಮೆಸೊಪೊಟೇಮಿಯದ ಯಾವ ಸಂತೆಯಲ್ಲೂ ಯಾರೂ ಕೇಳದ ಪ್ರಶ್ನೆ ಇದು. ತಕ್ಕಡಿ, ಕಲ್ಲು, ಮೀನಾ ಎಲ್ಲವೂ ವೇಷ. ಒಳಗಿರುವುದು ಅಜ್ಞಾತ ಸಂಖ್ಯೆಯೊಂದನ್ನು ಹಿಂದುಮುಂದಾಗಿ ನಡೆದು ಹಿಡಿಯುವ ಆಟ.

ಇದೊಂದೇ ಆಗಿದ್ದರೆ ಯಾರೋ ಒಬ್ಬ ಉಪಾಧ್ಯಾಯನ ತುಂಟತನ ಎಂದು ಬಿಟ್ಟುಬಿಡಬಹುದಿತ್ತು. ಬರ್ಲಿನ್‌ನಲ್ಲಿರುವ ಇನ್ನೊಂದು ಫಲಕದಲ್ಲಿ ಒಬ್ಬ ಮೋಜಣಿದಾರ ಹೊಲ ಅಳೆಯಲು ಜೊಂಡಿನ ಕೋಲು ಹಿಡಿದು ಹೊರಡುತ್ತಾನೆ. ಅಳೆಯುತ್ತಿರುವಾಗಲೇ ಕೋಲಿನ ತುದಿ ಮುರಿಯುತ್ತದೆ, ಮುರಿದದ್ದರಲ್ಲೇ ಮುಂದುವರಿಯುತ್ತಾನೆ, ಮತ್ತೆ ಮುರಿಯುತ್ತದೆ. ಕೊನೆಗೆ ಕೇಳುವ ಪ್ರಶ್ನೆ ಹೊಲದ ವಿಸ್ತೀರ್ಣವೆಷ್ಟು ಎಂದಲ್ಲ, ವಿಸ್ತೀರ್ಣ ಅವನಿಗೆ ಮೊದಲೇ ಗೊತ್ತು! ಗೊತ್ತಿಲ್ಲದಿರುವುದು ಅವನ ಕೈಯಲ್ಲಿದ್ದ ಕೋಲಿನ ಉದ್ದ. ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದ ಮತ್ತೊಂದು ಫಲಕದಲ್ಲಿ ಆಯತದ ವಿಸ್ತೀರ್ಣಕ್ಕೆ ಉದ್ದವು ಅಗಲಕ್ಕಿಂತ ಎಷ್ಟು ಹೆಚ್ಚೋ ಅಷ್ಟನ್ನು ಕೂಡಿಸಿ 183 ಎನ್ನುತ್ತಾರೆ, ಉದ್ದ ಅಗಲ ಎರಡೂ ಸೇರಿದರೆ 27 ಎನ್ನುತ್ತಾರೆ. ಉತ್ತರ 15 ಮತ್ತು 12. ವಿಸ್ತೀರ್ಣಕ್ಕೆ ಉದ್ದವನ್ನು ಕೂಡಿಸುವುದೆಂದರೇನು? ಹೊಲ ನೋಡಿದ ಯಾವನೂ ಮಾಡದ ಕೆಲಸ ಅದು. ಇನ್ನು ಕೆಲವು ಫಲಕಗಳಲ್ಲಂತೂ ಬಿಡಿಸುವ ದಾರಿಯನ್ನೇ ಹೇಳದೆ ಬರೀ ಪ್ರಶ್ನೆಗಳನ್ನು ಸಾಲುಸಾಲಾಗಿ ಪೇರಿಸಿದ್ದಾರೆ. ಒಂದು ಪ್ರಶ್ನೆಗೂ ಮುಂದಿನದಕ್ಕೂ ಇರುವ ವ್ಯತ್ಯಾಸ ಒಂದು ಪದದ್ದು. ಕೂಡಿಸು ಎಂದಿದ್ದಲ್ಲಿ ಕಳೆ, ಮೂರನೇ ಒಂದು ಎಂದಿದ್ದಲ್ಲಿ ನಾಲ್ಕನೇ ಒಂದು. ಇಂಥ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಮತ್ತೆ ಮತ್ತೆ ಅದೇ: ಉದ್ದ 30, ಅಗಲ 20. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಉತ್ತರಕ್ಕಾಗಿ ಯಾರೂ ಮಾಡುವುದಿಲ್ಲ. ಅಲ್ಲಿ ನೋಡಬೇಕಾಗಿರುವುದು ಪ್ರಶ್ನೆಯ ಆಕಾರ ಬದಲಾದಂತೆ ಬಿಡಿಸುವ ದಾರಿ ಹೇಗೆ ಬದಲಾಗುತ್ತದೆ ಎಂಬುದನ್ನು.

ಇದಕ್ಕೆ ಒಂದು ಉತ್ತರ ಸಿದ್ಧವಾಗಿಯೇ ಇರುತ್ತದೆ. ಇವೆಲ್ಲ ಶಾಲೆಯ ಅಭ್ಯಾಸಗಳಷ್ಟೆ, ಹುಡುಗರು ಕಲಿತು ಮುಂದೆ ಅರಮನೆಯ ಅಥವಾ ದೇವಾಲಯದ ಗುಮಾಸ್ತರಾಗುತ್ತಿದ್ದರು, ಆದ್ದರಿಂದ ಕೊನೆಗೂ ಇದೆಲ್ಲ ಉಪಯೋಗಕ್ಕೇ ತಾನೇ, ಎಂದು. ಗರಡಿಮನೆಯಲ್ಲಿ ಎತ್ತುವ ಗುಂಡುಕಲ್ಲಿನಿಂದ ಯಾವ ಗೋಡೆಯೂ ಏಳುವುದಿಲ್ಲ, ಆದರೂ ಎತ್ತಿದವನ ತೋಳು ಹೊರಗಿನ ಕೆಲಸಕ್ಕೆ ಬರುತ್ತದೆಯಲ್ಲ ಎಂಬಂಥ ವಾದ. ಅಭ್ಯಾಸಕ್ಕೆಂದೇ ಹುಟ್ಟಿದವು ಎಂಬುದು ನಿಜ, ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ತೋಳಿಗೂ ಕೆಲಸಕ್ಕೂ ಒಂದು ಹೊಂದಿಕೆ ಬೇಕು. ಕೂಲಿಯ ಪಟ್ಟಿ ಬರೆಯುವವನಿಗೆ, ಇಟ್ಟಿಗೆ ಎಣಿಸುವವನಿಗೆ, ಕಾಲುವೆಯ ಮಣ್ಣು ಅಳೆಯುವವನಿಗೆ ಗುಣಾಕಾರ, ಭಾಗಾಕಾರ, ಅಳತೆಯ ಪರಿವರ್ತನೆ ಬೇಕು. ವರ್ಗ ಸಮೀಕರಣ ಬಿಡಿಸುವ ಸಂದರ್ಭ ಅವನ ಇಡೀ ಸೇವಾವಧಿಯಲ್ಲಿ ಒಮ್ಮೆಯೂ ಬರುವುದಿಲ್ಲ. ಹತ್ತಾರು ಸಾವಿರ ಲೆಕ್ಕಪತ್ರಗಳು ಸಿಕ್ಕಿವೆ; ಶಾಲೆಯ ಫಲಕಗಳಲ್ಲಿ ತುಂಬಿ ತುಳುಕುವ ವರ್ಗ ಸಮೀಕರಣ ಆಡಳಿತದ ಕಡತದಲ್ಲಿ ಇಣುಕುವುದಿಲ್ಲ. ಡೆನ್ಮಾರ್ಕಿನ ಇತಿಹಾಸಕಾರ ಯೆನ್ಸ್ ಹಾಯ್‌ರುಪ್ ಇದನ್ನು ಉಪಯೋಗವನ್ನು ದಾಟಿದ ಗಣಿತ ಎಂಬರ್ಥದಲ್ಲಿ ಗುರುತಿಸಿದ್ದಾರೆ: ಉಡುಪು ಕಸುಬಿನದು, ಮೈಕಟ್ಟು ಕಸುಬಿಗೆ ಬೇಕಾದದ್ದಕ್ಕಿಂತ ಬಹಳ ದೊಡ್ಡದು. ಲೆಕ್ಕಿಗನೊಬ್ಬ ಇನ್ನೊಬ್ಬ ಲೆಕ್ಕಿಗನ ಮುಂದೆ ಮೀಸೆ ತಿರುವಲು ಬೇಕಾದದ್ದು ಈ ಹೆಚ್ಚುವರಿ. ಕನ್ನಡನಾಡಿಗೆ ಇದು ಹೊಸದಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಆನೆಗಳ ಹಿಂಡನ್ನು ಅದರ ವರ್ಗಮೂಲ ಹಿಡಿದು ಎಣಿಸುವ ಲೆಕ್ಕಗಳಿವೆ. ಯಾವ ಮಾವುತನೂ ಹಾಗೆ ಎಣಿಸಿರಲಾರ. ಬ್ಯಾಬಿಲೋನಿಗೂ ಮಾನ್ಯಖೇಟಕ್ಕೂ ನೇರ ನಂಟಿತ್ತೆಂದು ಇದರಿಂದ ಹೇಳುತ್ತಿಲ್ಲ. ಲೆಕ್ಕ ಕಲಿಸುವ ಜನ ಎಲ್ಲೇ ಇರಲಿ, ವೇಷ ತೊಡಿಸುವ ಚಟ ಅವರನ್ನು ಬಿಟ್ಟದ್ದಿಲ್ಲ.

ಉಪಯೋಗವೇ ಈ ಗಣಿತವನ್ನು ನಡೆಸಿದ್ದರೆ ನಿಖರತೆ ಎಲ್ಲಿ ಹೆಚ್ಚಿರಬೇಕಿತ್ತು? ಹೊಲದಲ್ಲಿ, ಕಣಜದಲ್ಲಿ. ಇರುವುದು ತದ್ವಿರುದ್ಧ. ನಾಲ್ಕು ಬದಿಯ ಓರೆಕೋರೆ ಹೊಲದ ವಿಸ್ತೀರ್ಣಕ್ಕೆ ಎದುರುಬದುರು ಬದಿಗಳ ಸರಾಸರಿಗಳನ್ನು ಗುಣಿಸುತ್ತಿದ್ದರು. ಇದು ಒರಟು ಅಂದಾಜು, ಹೊಲ ಓರೆಯಾದಷ್ಟೂ ನಿಜಕ್ಕಿಂತ ಹೆಚ್ಚು ಬರುತ್ತದೆ. ವೃತ್ತದ ವಿಸ್ತೀರ್ಣಕ್ಕೆ ಪರಿಧಿಯ ವರ್ಗದ ಹನ್ನೆರಡನೇ ಒಂದು ಪಾಲು, ಅಂದರೆ ನಾವು ಪೈ ಎನ್ನುವ ಸಂಖ್ಯೆಗೆ ಬರೀ 3. ಸೂಸಾ ನಗರದ ಫಲಕವೊಂದರಿಂದ ಇದಕ್ಕಿಂತ ಉತ್ತಮವಾದ ಮೂರೂ ಎಂಟನೇ ಒಂದು ಎಂಬ ಬೆಲೆ ಹೊರಡುತ್ತದೆ, ಆದರೂ ಚಾಲ್ತಿಯಲ್ಲಿದ್ದದ್ದು ಮೂರೇ. ನೂರಕ್ಕೆ ನಾಲ್ಕೈದರಷ್ಟು ತಪ್ಪು ಕಣಜ ಕಟ್ಟುವವನಿಗೆ ನಿದ್ದೆಗೆಡಿಸುವಂಥದ್ದಲ್ಲ. ಈಗ ಯೇಲ್‌ನ ಇನ್ನೊಂದು ಫಲಕಕ್ಕೆ ಬನ್ನಿ, ಅಂಗೈಯಲ್ಲಿ ಹಿಡಿಯುವಂಥ ದುಂಡನೆಯ ಮಣ್ಣಿನ ತುಂಡು, ಕಲಿಯುವ ಹುಡುಗರು ಬಳಸುತ್ತಿದ್ದ ಜಾತಿಯದು. ಒಂದು ಚೌಕ, ಅದರ ಎರಡು ಕರ್ಣಗಳು. ಬದಿಯ ಮೇಲೆ 30, ಕರ್ಣದ ಮೇಲೆ ಅರವತ್ತರ ಪದ್ಧತಿಯಲ್ಲಿ 1;24,51,10 ಎಂಬ ಸಂಖ್ಯೆ, ಕೆಳಗೆ ಇವೆರಡರ ಗುಣಲಬ್ಧ 42;25,35. ಒಂದು, ಅರವತ್ತರಲ್ಲಿ 24, ಅದರ ಅರವತ್ತರಲ್ಲಿ 51, ಮತ್ತೂ ಅದರ ಅರವತ್ತರಲ್ಲಿ 10 ಎಂದು ಕೂಡಿದರೆ ಬರುವುದು 1.41421296, ಎರಡರ ವರ್ಗಮೂಲ 1.41421356. ಒಂದು ಕಿಲೋಮೀಟರ್ ಬದಿಯ ಚೌಕ ಎಳೆದರೆ ಅದರ ಕರ್ಣದಲ್ಲಿ ಬರುವ ತಪ್ಪು ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಜೊಂಡಿನ ಕೋಲಿನಿಂದ, ಹಗ್ಗದಿಂದ ಅಳೆಯುತ್ತಿದ್ದ ಜನರಿಗೆ ಇಷ್ಟು ನಿಖರತೆ ಯಾತಕ್ಕೆ? ಕೆಲಸಕ್ಕೆ 1;25 ಎಂಬ ಸರಳ ಬೆಲೆ ಧಾರಾಳವಾಗಿ ಸಾಕಿತ್ತು, ಅದೂ ಅವರಲ್ಲಿ ಬಳಕೆಯಲ್ಲಿತ್ತು. ಕೆಲಸದಲ್ಲಿ ಒರಟು, ಪಾಠದಲ್ಲಿ ನಯ. ಉಪಯೋಗದ ಕಥೆಯಿಂದ ಇದನ್ನು ವಿವರಿಸಲು ಬರುವುದಿಲ್ಲ.

ಹಾಗಾದರೆ ಈ ಲೆಕ್ಕದೊಳಗಿನ ಅಮೂರ್ತತೆ ಎಂಥದ್ದು? ಇಲ್ಲಿ ವಿದ್ವಾಂಸರೇ ಒಂದು ಸುತ್ತು ಬಳಸಿ ಬಂದಿದ್ದಾರೆ. 1930ರ ದಶಕದಲ್ಲಿ ಆಟೊ ನಾಯ್ಗೆಬಾವರ್ ಮತ್ತು ಫ್ರಾನ್ಸಿನ ಫ್ರಾಂಸ್ವಾ ತ್ಯೂರೋ–ದಾಂಜ್ಯಾಂ ಈ ಫಲಕಗಳನ್ನು ಓದಿ ಜಗತ್ತಿನ ಮುಂದಿಟ್ಟಾಗ, ಅವುಗಳಲ್ಲಿ ಕಂಡದ್ದು ಬೀಜಗಣಿತ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಚೌಕಗಳ ಮೇಲಿನ 24 ಲೆಕ್ಕಗಳ ಪ್ರಸಿದ್ಧ ಫಲಕದ ಮೊದಲ ಲೆಕ್ಕ ಹೀಗಿದೆ: ಚೌಕದ ವಿಸ್ತೀರ್ಣ ಮತ್ತು ಬದಿ ಸೇರಿ ಮುಕ್ಕಾಲು, ಬದಿಯೆಷ್ಟು? ಹೈಸ್ಕೂಲು ಹುಡುಗ ಇದನ್ನು ವರ್ಗ ಸಮೀಕರಣವಾಗಿ ಬರೆದು ಅರ್ಧ ಎಂಬ ಉತ್ತರ ತೆಗೆಯುತ್ತಾನೆ. ಫಲಕದಲ್ಲಿರುವ ಅಂಕಿಗಳ ಸರಣಿಯೂ ಆ ಸೂತ್ರದ ಮೆಟ್ಟಿಲುಗಳಂತೆಯೇ ಕಾಣುತ್ತದೆ. 1980ರ ದಶಕದಿಂದೀಚೆಗೆ ಹಾಯ್‌ರುಪ್ ಅಂಕಿಗಳನ್ನು ಬಿಟ್ಟು ಕ್ರಿಯಾಪದಗಳನ್ನು ಹಿಡಿದು ಓದಿದರು. ಕೂಡಿಸುವುದಕ್ಕೆ ಒಂದಕ್ಕಿಂತ ಹೆಚ್ಚು ಕ್ರಿಯಾಪದ, ಗುಣಿಸುವುದಕ್ಕೂ ಹಾಗೆಯೇ, ಒಂದಿದ್ದ ಕಡೆ ಇನ್ನೊಂದು ಬರುವುದಿಲ್ಲ. ಅರ್ಧಕ್ಕೆ ಮುರಿ, ಸೇರಿಸು, ಕಿತ್ತು ತೆಗೆ ಎಂಬಂಥ ಕೈಕೆಲಸದ ಮಾತುಗಳು. ಬಿಡಿಸಿದ್ದು ಕತ್ತರಿಸಿ ಜೋಡಿಸುವ ವಿಧಾನದಲ್ಲಿ. ಚೌಕದ ಒಂದು ಪಕ್ಕಕ್ಕೆ ಒಂದು ಅಳತೆಯಷ್ಟು ಅಗಲದ ಪಟ್ಟಿ ಹಚ್ಚಿದರೆ ಪಟ್ಟಿಯ ವಿಸ್ತೀರ್ಣ ಬದಿಯಷ್ಟೇ ಆಗುತ್ತದೆ, ಹೀಗಾಗಿ ಬದಿಯನ್ನು ವಿಸ್ತೀರ್ಣಕ್ಕೆ ಕೂಡಿಸುವುದಕ್ಕೆ ಅರ್ಥ ಬಂತು. ಆ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಸೀಳಿ ಅರ್ಧವನ್ನು ಚೌಕದ ಕೆಳಗೆ ತಂದಿಟ್ಟರೆ ಮೂಲೆಯೊಂದು ಖಾಲಿ ಉಳಿದ ಆಕೃತಿ. ಖಾಲಿ ಮೂಲೆ ಅರ್ಧ ಗುಣಿಸು ಅರ್ಧ, ಅಂದರೆ ಕಾಲು. ಮುಕ್ಕಾಲಿಗೆ ಕಾಲು ತುಂಬಿದರೆ ಒಂದು, ಒಂದರ ಬದಿ ಒಂದು, ಅದರಿಂದ ಸರಿಸಿದ ಅರ್ಧ ಕಳೆದರೆ ಉಳಿದದ್ದು ಅರ್ಧ. ನನ್ನ ಮಟ್ಟಿಗೆ ಇದು ಸೂತ್ರಕ್ಕಿಂತ ಸೊಗಸು: ಏಕೆ ಹೀಗೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆದರೆ ಈ ಓದು ನನ್ನ ವಾದಕ್ಕೆ ಪೆಟ್ಟು ಕೊಡುವಂತೆ ತೋರಬಹುದು. ಸಂಕೇತಗಳ ಬೀಜಗಣಿತವೂ ಇಲ್ಲ, ಮತ್ತೆ ಮಣ್ಣಿನಲ್ಲಿ ಗೆರೆ ಎಳೆದು ಪಟ್ಟಿ ಕತ್ತರಿಸುವ ಕೆಲಸಕ್ಕೇ ಬಂದೆವಲ್ಲ, ಇದರಲ್ಲಿ ಅಮೂರ್ತವೇನಿದೆ ಎಂದು ಕೇಳಬಹುದು. ಉತ್ತರ ಯೇಲ್‌ನ ಇನ್ನೊಂದು ಫಲಕದಲ್ಲಿದೆ. ಅಲ್ಲಿ ಹೊಲವೂ ಇಲ್ಲ, ಚೌಕವೂ ಇಲ್ಲ. ಇರುವುದು ಒಂದು ಸಂಖ್ಯೆ ಮತ್ತು ಅದರ ವ್ಯುತ್ಕ್ರಮ, ವ್ಯುತ್ಕ್ರಮಗಳ ಕೋಷ್ಟಕದಿಂದ ಎತ್ತಿಕೊಂಡ ಜೋಡಿ. ಎರಡರ ಗುಣಲಬ್ಧ 60 (ಅವರ ಬರಹದಲ್ಲಿ ಒಂದಕ್ಕೂ ಅರವತ್ತಕ್ಕೂ ಗುರುತು ಒಂದೇ), ಒಂದು ಇನ್ನೊಂದಕ್ಕಿಂತ 7 ಹೆಚ್ಚು. ಇವೆರಡನ್ನೂ ಲೆಕ್ಕಿಗ ಆಯತವೊಂದರ ಎರಡು ಬದಿಗಳೆಂದು ಇಟ್ಟುಕೊಳ್ಳುತ್ತಾನೆ. ಹೆಚ್ಚುವರಿ ಏಳನ್ನು ಅರ್ಧ ಮಾಡಿ ಒಂದು ಪಟ್ಟಿಯನ್ನು ಪಕ್ಕಕ್ಕೆ ಸರಿಸುತ್ತಾನೆ, ಮೂಲೆಯ ಹನ್ನೆರಡೂ ಕಾಲನ್ನು ತುಂಬುತ್ತಾನೆ, ಎಪ್ಪತ್ತೆರಡೂ ಕಾಲಿನ ಬದಿ ಎಂಟೂವರೆ ಎಂದು ಕಂಡು, ಅದಕ್ಕೆ ಮೂರೂವರೆ ಕೂಡಿ 12, ಅದರಿಂದ ಮೂರೂವರೆ ಕಳೆದು 5 ಎನ್ನುತ್ತಾನೆ. ಕೋಷ್ಟಕದ ಸಂಖ್ಯೆಗೆ ಉದ್ದವಿಲ್ಲ, ಅಗಲವಿಲ್ಲ. ಆದರೂ ಗೆರೆಗಳು ಅದರ ಪ್ರತಿನಿಧಿಯಾಗಿ ನಿಂತಿವೆ. ಹೀಗೆಯೇ ಬೇರೆ ಲೆಕ್ಕಗಳಲ್ಲಿ ಆಳುಗಳ ಸಂಖ್ಯೆ, ದಿನಗಳ ಸಂಖ್ಯೆ, ಬೆಲೆ ಎಲ್ಲವೂ ಉದ್ದ ಅಗಲಗಳ ಜಾಗದಲ್ಲಿ ಬಂದು ಕೂರುತ್ತವೆ. ಒಂದು ವಸ್ತುವಿನ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸಿ, ಅವೆರಡರ ನಡುವಿನ ಸಂಬಂಧವೊಂದನ್ನೇ ಹಿಡಿದು ನಡೆಯುವುದಕ್ಕೆ ಅಮೂರ್ತ ಚಿಂತನೆ ಎನ್ನದೆ ಬೇರೇನು ಹೇಳಬೇಕು? ನಾವು ಅಜ್ಞಾತ ರಾಶಿಗೆ ಒಂದು ಅಕ್ಷರ ಕೊಡುತ್ತೇವೆ, ಅವರು ಒಂದು ಗೆರೆ ಕೊಟ್ಟರು.

ಈ ಅಮೂರ್ತತೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಗ್ರೀಕರು ಎರಡು ಉತ್ತರ ಬಿಟ್ಟುಹೋಗಿದ್ದಾರೆ. ನೈಲ್ ನದಿಯ ಪ್ರವಾಹ ಕೊಚ್ಚಿದ ಹೊಲವನ್ನು ಕಂದಾಯಕ್ಕಾಗಿ ಮತ್ತೆ ಅಳೆಯಬೇಕಾಗಿ ಬಂದದ್ದರಿಂದ ರೇಖಾಗಣಿತ ಹುಟ್ಟಿತು ಎಂದ ಹೆರೊಡೋಟಸ್. ಈಜಿಪ್ಟಿನ ಪುರೋಹಿತರಿಗೆ ಬಿಡುವು ಇದ್ದದ್ದರಿಂದ ಗಣಿತ ಹುಟ್ಟಿತು ಎಂದ ಅರಿಸ್ಟಾಟಲ್. ಒಬ್ಬನಿಗೆ ಅಗತ್ಯ, ಇನ್ನೊಬ್ಬನಿಗೆ ವಿರಾಮ. ಮೆಸೊಪೊಟೇಮಿಯದ ಸಾಕ್ಷ್ಯ ಇವೆರಡನ್ನೂ ಒಪ್ಪುವುದಿಲ್ಲ, ಅದು ಬೆರಳು ಮಾಡುವುದು ಲೆಕ್ಕಪತ್ರದ ಕಚೇರಿಯತ್ತ. ಕ್ರಿ.ಪೂ. 3000ಕ್ಕೂ ಹಿಂದಿನ ಉರುಕ್ ನಗರದ ಲೆಕ್ಕಗಳಲ್ಲಿ ಸಂಖ್ಯೆ ವಸ್ತುವಿಗೆ ಅಂಟಿಕೊಂಡೇ ಇತ್ತು. ಮಣ್ಣಿನಲ್ಲಿ ಒತ್ತಿದ ಸಣ್ಣ ದುಂಡು ಗುರುತು ಕುರಿಗಳನ್ನು ಎಣಿಸುವಾಗ ಒಂದರ ಗುರುತಿನ ಹತ್ತರಷ್ಟು, ಧಾನ್ಯ ಅಳೆಯುವಾಗ ಆರರಷ್ಟು, ಭೂಮಿ ಅಳೆಯುವಾಗ ಹದಿನೆಂಟರಷ್ಟು. ಸಾವಿರ ವರ್ಷ ಕಳೆದು ಉರ್ ನಗರದ ಮೂರನೇ ರಾಜವಂಶದ ಹೊತ್ತಿಗೆ ಆಡಳಿತ ಭಾರಿಯಾಗಿ ಬೆಳೆದಿತ್ತು: ಎಷ್ಟು ಆಳು, ದಿನಕ್ಕೆ ಎಷ್ಟು ಮಣ್ಣು, ಎಷ್ಟು ಇಟ್ಟಿಗೆ, ಎಷ್ಟು ಪಡಿ ಎಂಬುದಕ್ಕೆಲ್ಲ ನಿಗದಿ. ಒಂದು ಅಳತೆಯಿಂದ ಇನ್ನೊಂದಕ್ಕೆ ದಾಟುವುದೇ ಗುಮಾಸ್ತನ ದಿನವಿಡೀ ಕೆಲಸ. ಈ ಒತ್ತಡದಲ್ಲಿ, ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವಂತೆ ಕ್ರಿ.ಪೂ. 2000ಕ್ಕೆ ಮುಂಚೆಯೇ, ಅರವತ್ತರ ಸ್ಥಾನಬೆಲೆ ಪದ್ಧತಿ ರೂಪುಗೊಂಡಿತು. ಅದರ ವಿಶೇಷ ಬರೀ ಅರವತ್ತು ಎಂಬುದಲ್ಲ. ಆ ಪದ್ಧತಿಯಲ್ಲಿ ಬರೆದ ಸಂಖ್ಯೆಗೆ ಮಾನವಿಲ್ಲ, ಕುರಿಯೂ ಇಲ್ಲ ಬೆಳ್ಳಿಯೂ ಇಲ್ಲ. ಅದಕ್ಕೆ ನಿಶ್ಚಿತ ಗಾತ್ರವೂ ಇಲ್ಲ: ಒಂದು ಮೊಳೆಗುರುತು ಒಂದಾಗಬಹುದು, ಅರವತ್ತಾಗಬಹುದು, 3600 ಆಗಬಹುದು, ಅರವತ್ತನೇ ಒಂದು ಪಾಲೂ ಆಗಬಹುದು. ಧಾನ್ಯದ ಅಳತೆಯನ್ನು ಕೋಷ್ಟಕ ನೋಡಿ ಈ ಬೆತ್ತಲೆ ಸಂಖ್ಯೆಗೆ ತಂದು, ಗುಣಿಸಿ, ಮತ್ತೆ ಬೆಳ್ಳಿಯ ಅಳತೆಗೆ ಮರಳಿಸಿ ಕಡತದಲ್ಲಿ ಬರೆಯುತ್ತಿದ್ದರು. ನಡುವಿನ ಸಂಖ್ಯೆಗಳನ್ನು ಅಳಿಸಿಹಾಕುತ್ತಿದ್ದರು. ಶುದ್ಧ ಸಂಖ್ಯೆ ಎಂದು ತತ್ತ್ವಜ್ಞಾನಿಗಳು ಮುಂದೆ ಕೊಂಡಾಡಿದ್ದರ ಒಂದು ತವರುಮನೆ ಕೂಲಿ ಬಟವಾಡೆಯ ಕಚೇರಿ.

ಆ ಕಚೇರಿಗೆ ಜನರನ್ನು ತಯಾರು ಮಾಡುತ್ತಿದ್ದ ಶಾಲೆಗಳು ಈ ಬೆತ್ತಲೆ ಸಂಖ್ಯೆಯನ್ನು ಸಾಕಿದವು. ನಿಪ್ಪೂರ್ ನಗರದಲ್ಲಿ 1950ರ ದಶಕದ ಆರಂಭದ ಉತ್ಖನನದಲ್ಲಿ ಸಿಕ್ಕ ಒಂದು ಪುಟ್ಟ ಮನೆಯ ತುಂಬ ಹುಡುಗರ ಪಾಠದ ಫಲಕಗಳು, ಸಾವಿರಕ್ಕೂ ಹೆಚ್ಚು. ಮೊದಲು ಮೊಳೆ ಒತ್ತುವುದು, ಆಮೇಲೆ ವಸ್ತುಗಳ ಹೆಸರಿನ ಪಟ್ಟಿ, ಅಳತೆಗಳ ಪಟ್ಟಿ, ವ್ಯುತ್ಕ್ರಮಗಳು, ಮಗ್ಗಿ. ಮಗ್ಗಿ ಎಂದರೆ ನಮ್ಮ ಎರಡೊಂದ್ಲೆ ಎರಡಲ್ಲ. ಅವರ ಮಾಮೂಲಿ ಮಗ್ಗಿಗಳಲ್ಲಿ 44,26,40 ಎಂಬ ಸಂಖ್ಯೆಯ ಮಗ್ಗಿಯೂ ಒಂದು! ಅದು 81ರ ವ್ಯುತ್ಕ್ರಮ. ಭಾಗಿಸುವ ಬದಲು ವ್ಯುತ್ಕ್ರಮದಿಂದ ಗುಣಿಸುತ್ತಿದ್ದವರಿಗೆ ಅದು ಬಾಯಿಪಾಠವಾಗಿರಬೇಕಿತ್ತು. ಏಳಕ್ಕೆ ಮಾತ್ರ ಅರವತ್ತರ ಪದ್ಧತಿಯಲ್ಲಿ ಕೊನೆಗೊಳ್ಳುವ ವ್ಯುತ್ಕ್ರಮವಿಲ್ಲ, ಕೋಷ್ಟಕ ಅದನ್ನು ಹಾರಿಸುತ್ತದೆ. ಈ ಏಳರ ಮೇಲಿನ ಕಣ್ಣು ಬಹಳ ಹಳೆಯದು. ಈ ಶಾಲೆಗಿಂತ ಏಳೆಂಟು ನೂರು ವರ್ಷ ಹಿಂದೆ ಶುರುಪ್ಪಕ್ ನಗರದ ಫಲಕವೊಂದರಲ್ಲಿ 11,52,000 ಸಿಲ ಜವೆಗೋಧಿ ತುಂಬಿದ ಕಣಜವನ್ನು ಆಳಿಗೆ 7 ಸಿಲದಂತೆ ಹಂಚಿದರೆ ಎಷ್ಟು ಜನಕ್ಕಾದೀತು ಎಂದು ಕೇಳಿದ್ದಾರೆ. ಉತ್ತರ 1,64,571 ಜನ, ಉಳಿಕೆ 3 ಸಿಲ. ಅಷ್ಟು ಆಳುಗಳನ್ನು ಸಾಲಾಗಿ ನಿಲ್ಲಿಸಿ ಪಡಿ ಅಳೆಯುವ ದಿನ ಶುರುಪ್ಪಕ್‌ನಲ್ಲಿ ಎಂದೂ ಬಂದಿರಲಾರದು. ಏಳನ್ನು ಆರಿಸಿದ್ದು ಅದು ಸತಾಯಿಸುತ್ತದೆ ಎಂಬ ಕಾರಣಕ್ಕೆ. ಇದೇ ಲೆಕ್ಕವನ್ನು ತಪ್ಪಾಗಿ ಮಾಡಿದ ಇನ್ನೊಬ್ಬನ ಫಲಕವೂ ಸಿಕ್ಕಿದೆ, ಪಾಪ.

ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಬ್ಯಾಬಿಲೋನಿಯದವರಲ್ಲಿ ಪ್ರಮೇಯವಿಲ್ಲ, ಸಾಧನೆಯಿಲ್ಲ, ಸಾಮಾನ್ಯ ನಿಯಮವೊಂದನ್ನು ಮಾತಿನಲ್ಲಿ ಹೇಳಿದ್ದೂ ಅಪರೂಪ. ಇರುವುದೆಲ್ಲ ನಿರ್ದಿಷ್ಟ ಅಂಕಿಗಳ ಬಿಡಿ ಲೆಕ್ಕ. ಯೂಕ್ಲಿಡ್‌ನ ಪಕ್ಕದಲ್ಲಿಟ್ಟರೆ ಇದು ದೊಡ್ಡ ಕೊರತೆಯೇ. ಇದಕ್ಕೆ ನನ್ನ ಉತ್ತರ ಎರಡು ಭಾಗದ್ದು. ನಿರ್ದಿಷ್ಟ ಅಂಕಿ ಎಂಬುದರಿಂದ ಸಾಮಾನ್ಯ ವಿಚಾರ ಇಲ್ಲವೆಂದಾಗುವುದಿಲ್ಲ. ಒಂದೇ ದಾರಿಯನ್ನು ಇಪ್ಪತ್ತು ಲೆಕ್ಕಗಳಲ್ಲಿ ಅಂಕಿ ಬದಲಿಸಿ ನಡೆಸುವ ಉಪಾಧ್ಯಾಯ ಕಲಿಸುತ್ತಿರುವುದು ದಾರಿಯನ್ನು. ಸೂಸಾದಲ್ಲಿ ಸಿಕ್ಕ ಫಲಕವೊಂದು ಲೆಕ್ಕ ಬಿಡಿಸುವುದೇ ಇಲ್ಲ: 30 ಮತ್ತು 20 ಎಂದು ಉತ್ತರ ಮೊದಲೇ ಹೇಳಿ, ಸಮೀಕರಣವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಂದಾಗ ಯಾವ ಅಂಕಿ ಯಾವುದರಿಂದ ಬಂತು ಎಂದು ವಿವರಿಸುತ್ತದೆ. ಬಾಗ್ದಾದ್ ಬಳಿಯ ತೆಲ್ ಧಿಬಾಯಿಯಲ್ಲಿ 1962ರಲ್ಲಿ ಸಿಕ್ಕ ಫಲಕದಲ್ಲಿ ವಿಸ್ತೀರ್ಣ ಮುಕ್ಕಾಲು, ಕರ್ಣ ಒಂದೂ ಕಾಲು ಇರುವ ಆಯತದ ಬದಿಗಳನ್ನು ಒಂದು ಮತ್ತು ಮುಕ್ಕಾಲು ಎಂದು ಕಂಡುಹಿಡಿದ ಮೇಲೆ, ಆ ಬದಿಗಳಿಂದ ಕರ್ಣವನ್ನೂ ವಿಸ್ತೀರ್ಣವನ್ನೂ ಮತ್ತೆ ಲೆಕ್ಕ ಹಾಕಿ ತಾಳೆ ನೋಡಿದ್ದಾರೆ. ಪೈಥಾಗೊರಸ್ ಹೆಸರಿನ ನಿಯಮ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆ ಅಲ್ಲಿ ಸಲೀಸಾಗಿ ಕೆಲಸ ಮಾಡುತ್ತಿದೆ. ಇದು ಸಾಧನೆಯಲ್ಲ ನಿಜ, ಆದರೆ ಏಕೆ, ಹೇಗೆ ಎಂದು ಕೇಳದ ಜನರ ಕೆಲಸವೂ ಅಲ್ಲ. ಎರಡನೆಯ ಭಾಗದಲ್ಲಿ ನಾನು ಸೋಲೊಪ್ಪುತ್ತೇನೆ. 1;24,51,10 ಎಂದು ಬರೆದವನು ಈ ಸಂಖ್ಯೆ ಎಲ್ಲಾದರೂ ಮುಗಿಯುತ್ತದೆಯೇ ಎಂದು ಕೇಳಿದನೆಂಬುದಕ್ಕೆ ಫಲಕಗಳಲ್ಲಿ ಕುರುಹಿಲ್ಲ. ಎರಡರ ವರ್ಗಮೂಲವನ್ನು ಯಾವ ಭಿನ್ನರಾಶಿಯೂ ಹಿಡಿಯಲಾರದು ಎಂದು ತೋರಿಸಲು ಬೇರೆಯೇ ಜಾತಿಯ ತರ್ಕ ಬೇಕು, ಅದು ಗ್ರೀಕರದೇ. ಆದರೆ ಆ ವ್ಯತ್ಯಾಸ ಎರಡು ಬಗೆಯ ಅಮೂರ್ತತೆಗಳ ನಡುವಿನದು. ಅದನ್ನು ವ್ಯಾಪಾರಿಯ ಲೆಕ್ಕಕ್ಕೂ ಆತ್ಮೋನ್ನತಿಯ ಗಣಿತಕ್ಕೂ ಇರುವ ಅಂತರವೆಂದು ಓದುವುದು, ಪ್ಲೇಟೊ ತನ್ನ ‘ರಿಪಬ್ಲಿಕ್’ನಲ್ಲಿ ಎಳೆದ ಗೆರೆಯನ್ನು ಬ್ಯಾಬಿಲೋನಿನ ಮೇಲೆ ಹೇರಿದಂತೆ.

ಈಗಿನ ಕಾಲದವರು ಈ ಗೆರೆಯನ್ನು ಇನ್ನೊಂದು ಕಡೆಯಿಂದ ಎಳೆಯುತ್ತಾರೆ: ಉಪಯೋಗ ಹುಡುಕಿಕೊಟ್ಟರೆ ಮಾತ್ರ ಗೌರವ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿರುವ ಪ್ಲಿಂಪ್ಟನ್ 322 ಎಂಬ ಫಲಕದಲ್ಲಿ ಹದಿನೈದು ಸಾಲುಗಳಲ್ಲಿ ಲಂಬಕೋನ ತ್ರಿಭುಜಗಳ ಬದಿಗಳಿವೆ, ನಾಲ್ಕನೇ ಸಾಲಿನವು 12,709 ಮತ್ತು 18,541, ಮೂರನೆಯ ಬದಿ 13,500. 2017ರಲ್ಲಿ ಆಸ್ಟ್ರೇಲಿಯದ ಡೇನಿಯಲ್ ಮ್ಯಾನ್ಸ್‌ಫೀಲ್ಡ್ ಮತ್ತು ನಾರ್ಮನ್ ವೈಲ್ಡ್‌ಬರ್ಗರ್ ಇದು ತ್ರಿಕೋನಮಿತಿಯ ಕೋಷ್ಟಕ ಎಂದಾಗ ಜಗತ್ತಿನ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ಅದಕ್ಕೆ ಹದಿನೈದು ವರ್ಷಕ್ಕೂ ಮೊದಲೇ ಗಣಿತದ ಇತಿಹಾಸಕಾರ್ತಿ ಎಲೀನರ್ ರಾಬ್ಸನ್, ಆ ಕಾಲದವರಿಗೆ ಕೋನ ಅಳೆಯುವ ಕಲ್ಪನೆಯೇ ಇರಲಿಲ್ಲವೆಂದೂ, ಅಂಕಿಗಳು ವ್ಯುತ್ಕ್ರಮ ಜೋಡಿಗಳಿಂದ ಹುಟ್ಟಿದವೆಂದೂ, ಉಪಾಧ್ಯಾಯನೊಬ್ಬ ಹುಡುಗರಿಗೆ ಲೆಕ್ಕ ಕಟ್ಟಿಕೊಡಲು ಮಾಡಿಕೊಂಡ ಪಟ್ಟಿಯೆಂದೂ ವಾದಿಸಿದ್ದರು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ, ಸುದ್ದಿಗೆ ಇದು ಸಪ್ಪೆಯಾದರೂ. ಮೋಜಣಿಯಲ್ಲಿ ಇಂಥ ತ್ರಿಭುಜಗಳಿಗೆ ಕೆಲಸವೇ ಇರಲಿಲ್ಲವೆಂದೇನೂ ಅಲ್ಲ. 1894ರಲ್ಲಿ ಸಿಪ್ಪರ್‌ನಲ್ಲಿ ಸಿಕ್ಕು ಇಸ್ತಾಂಬುಲ್‌ನಲ್ಲಿರುವ ಜಮೀನಿನ ನಕ್ಷೆಯೊಂದರಲ್ಲಿ 5, 12, 13ರ ಬದಿಗಳಿಂದ ನೇರ ಲಂಬ ಹಾಕಿದ್ದನ್ನು ಅದೇ ಮ್ಯಾನ್ಸ್‌ಫೀಲ್ಡ್ 2021ರಲ್ಲಿ ತೋರಿಸಿದರು. ಅಲ್ಲಿಗೆ 5, 12, 13 ಸಾಕು. 12,709 ಬೇಕಾಗುವುದು ಶಾಲೆಗೆ.

ಅಮೂರ್ತವೂ ಉಪಯುಕ್ತವೂ ಹೇಗೆ ಜಾಗ ಬದಲಿಸುತ್ತವೆ ಎಂಬುದಕ್ಕೆ ತ್ರಾಪಿಜ್ಯಕ್ಕಿಂತ ಉತ್ತಮ ಉದಾಹರಣೆ ನನಗೆ ಕಂಡಿಲ್ಲ. ಹಮ್ಮುರಾಬಿಗಿಂತ ನಾಲ್ಕೈದು ನೂರು ವರ್ಷ ಹಿಂದಿನ, ನಿಪ್ಪೂರ್‌ನಲ್ಲಿ ಸಿಕ್ಕ ದುಂಡು ಫಲಕವೊಂದರಲ್ಲಿ ತ್ರಾಪಿಜ್ಯದ ಆಕಾರದ ಹೊಲವನ್ನು ಅಡ್ಡಗೆರೆಯಿಂದ ಎರಡು ಮಾಡಿದ ಚಿತ್ರವಿದೆ. ಸಮಾನಾಂತರ ಬದಿಗಳು 17 ಮೊಳ ಮತ್ತು 7 ಮೊಳ. ಎರಡೂ ಭಾಗ ಸಮನಾಗಬೇಕಾದರೆ ಅಡ್ಡಗೆರೆ ಎಷ್ಟಿರಬೇಕು? ಎರಡು ಬದಿಗಳ ವರ್ಗಗಳ ಸರಾಸರಿ 169, ಅದರ ಮೂಲ ಸರಿಯಾಗಿ 13. ಇಷ್ಟು ಚೊಕ್ಕವಾಗಿ ಹೊಂದುವ ಹೊಲ ಬಯಲಿನಲ್ಲಿ ಸಿಗುವುದಿಲ್ಲ, ಅದನ್ನು ಮಾಡಿಕೊಳ್ಳಬೇಕು. ಇದಾಗಿ ಸುಮಾರು ಎರಡು ಸಾವಿರ ವರ್ಷದ ನಂತರದ, ಕ್ರಿ.ಪೂ. 350ರಿಂದ 50ರ ನಡುವಿನ ಕೆಲವು ಫಲಕಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇತಿಹಾಸಕಾರ ಮಥೀಯು ಓಸೆನ್‌ಡ್ರೈವರ್ ಅವುಗಳನ್ನು ಓದಿ 2016ರಲ್ಲಿ ಪ್ರಕಟಿಸಿದರು. ಅವುಗಳಲ್ಲೂ ತ್ರಾಪಿಜ್ಯವೇ, ಆದರೆ ಅದರ ಸಮಾನಾಂತರ ಬದಿಗಳು ಮೊಳಗಳಲ್ಲ, ಗುರುಗ್ರಹ ಒಂದು ದಿನದಲ್ಲಿ ಆಕಾಶದಲ್ಲಿ ಸರಿಯುವ ದೂರ: ಮೊದಲ ದಿನ 12 ಕಲೆ, ಅರವತ್ತನೇ ದಿನ ಒಂಬತ್ತೂವರೆ ಕಲೆ. ಇನ್ನೊಂದು ಬದಿ ಅರವತ್ತು ದಿನ. ಬದಿಗಳ ಸರಾಸರಿಯನ್ನು ಅರವತ್ತರಿಂದ ಗುಣಿಸಿದರೆ ಗ್ರಹ ಸಾಗಿದ ಒಟ್ಟು ದೂರ, 10 ಅಂಶ 45 ಕಲೆ. ವೇಗ ಮತ್ತು ಕಾಲದ ನಡುವೆ ಎಳೆದ ಆಕೃತಿಯ ವಿಸ್ತೀರ್ಣವೇ ದೂರ ಎಂಬ ಈ ಮಾತನ್ನು ಯುರೋಪಿನ ವಿದ್ವಾಂಸರು ಹೇಳಿದ್ದು ಹದಿನಾಲ್ಕನೇ ಶತಮಾನದಲ್ಲಿ. ಇದರ ಅರ್ಧ ದೂರ ಯಾವ ದಿನ ಮುಗಿಯುತ್ತದೆ ಎಂದು ತಿಳಿಯಲು ಅವರು ಆ ತ್ರಾಪಿಜ್ಯವನ್ನೂ ಎರಡು ಸಮಪಾಲು ಮಾಡಿದರು, ಹೊಲವನ್ನು ಮಾಡಿದ ಹಾಗೆಯೇ. ಕಾಲ ಒಂದು ಬದಿ, ವೇಗ ಇನ್ನೊಂದು ಬದಿಯಾದ ಈ ಜಮೀನಿನಲ್ಲಿ ಯಾರೂ ಕಾಲಿಡುವಂತಿಲ್ಲ. ಆದರೆ ಗುರುಗ್ರಹ ಬ್ಯಾಬಿಲೋನಿನ ಅಧಿದೈವ ಮರ್ದೂಕನ ತಾರೆ, ಅದು ಎಂದು ಎಲ್ಲಿರುತ್ತದೆ ಎಂದು ಮೊದಲೇ ತಿಳಿದಿರುವುದು ಅಲ್ಲಿನ ಖಗೋಳ ಪಂಡಿತರ ಹೊಣೆ. ಗೆರೆ ಎಳೆದು ಹಂಚಿದ ಆ 17–7 ಮೊಳದ ಹೊಲಕ್ಕೆ ಒಬ್ಬ ಒಡೆಯನಿದ್ದನೆಂದು ಹೇಳಲು ಆಧಾರವಿಲ್ಲ. ಆಕಾಶದ ಈ ಹೊಲದ ಲೆಕ್ಕಕ್ಕೆ ಕಾದು ಕೂತವರು ಇದ್ದರು.